ಬೆಕ್ಕು ಗೋಡೆಗೆ ಬರೆಯುವ ಓಲೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಯರಗುಪ್ಪಿ ಎರೆಯ ಸೀಮೆಯ ಊರು. ಇಂಥ ಊರುಗಳಲ್ಲಿ ಬೆಕ್ಕನ್ನು ಸಾಕುವುದು ಬರಿಯ ಅಕ್ಕರೆಗಾಗಿ ಅಲ್ಲ. ಸುಗ್ಗಿ ಮುಗಿದು ಜೋಳ, ಗೋದಿ, ಕಡಲೆ, ಶೇಂಗಾ ಮನೆಯನ್ನು ಸೇರಿದೊಡನೆ ಅವುಗಳ ಬೆನ್ನಹಿಂದೆಯೇ ಇಲಿಯೂ ಬರುವುದು. ಇಲಿಯಿದ್ದ ಮೇಲೆ ಬೆಕ್ಕು ಬೇಕೇ ಬೇಕು. ನೆಲದಲ್ಲಿ ಅಗೆದ ಹಗೇವುಗಳಲ್ಲಿ ಕಾಳನ್ನು ಸುರಿದು ಬಾಯಿ ಮುಚ್ಚಿಡುತ್ತಿದ್ದ ಕಾಲ ಹಿಂದಾಯಿತು. ಈಗ ಕಾಳಿನ ಚೀಲಗಳು ಪಡಸಾಲೆಯ ಗೋಡೆಗೆ ಒರಗಿ ನಿಲ್ಲುತ್ತವೆ. ಚೀಲವನ್ನು ಕತ್ತರಿಸುವುದು ಇಲಿಗೆ ಎಷ್ಟರ ಕೆಲಸ! ಆದುದರಿಂದ ಬೆಕ್ಕಿನ ಮುಂದೆ ಹಾಲಿನ ಬಟ್ಟಲನ್ನು ಇಡುವ ಮನೆಯೊಡತಿ ತನ್ನ ಜೋಳದ ಕಾವಲುಗಾರನಿಗೆ ಸಂಬಳವನ್ನು ಕೊಡುತ್ತಿರುವಳೆಂದೇ ಹೇಳಬೇಕು.

ಯರಗುಪ್ಪಿಯ ಇಂಥದೊಂದು ಮನೆಯನ್ನು ನಾವು ಕಣ್ಣೆದುರಿಗೆ ತಂದುಕೊಳ್ಳೋಣ. ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಪಡಸಾಲೆಯಲ್ಲಿ ಚೀಲಗಳ ಸಾಲು. ಕಳೆದ ಮಳೆಗಾಲದಲ್ಲಿ ತಂದ ಗಂಡುಮರಿಗೆ ಈಗ ಎಂಟು-ಒಂಬತ್ತು ತಿಂಗಳು. ರಾತ್ರಿ ಅಜ್ಜಿಯ ಕೌದಿಯ ಮೇಲೆ ಮಲಗುವುದು, ಹಗಲು ಚೀಲಗಳ ಸಂದಿಯಲ್ಲಿ ಹೊಂಚುವುದು, ಇಷ್ಟೇ ಅದರ ದಿನಚರಿ. ಒಂದು ಬೆಳಿಗ್ಗೆ ನೋಡುತ್ತಾರೆ: ಜೋಳದ ಚೀಲದ ಮೇಲೆ, ನೆಲದಿಂದ ಒಂದು ಗೇಣಿಗೂ ತುಸು ಮೇಲೆ, ಹಳದಿಯ ಒದ್ದೆ ಗೆರೆ. ಮೂಗನ್ನು ಇರಿಯುವ ನಾತ. ಮರುದಿನ ಬಾಗಿಲ ಚೌಕಟ್ಟಿನ ಮೇಲೆ. ಅದರ ಮರುದಿನ ಹೊರಸಿನ ಕಾಲಿನ ಮೇಲೆ. ಮನೆಯಲ್ಲಿ ವಿಚಾರಣೆ ನಡೆಯುತ್ತದೆ. ಕೊಳಕು ಬೆಕ್ಕು ಎನ್ನುವರು ಒಬ್ಬರು. ನಿನ್ನೆ ಹಾಲು ಹಾಕಲಿಲ್ಲವೆಂದು ಸೇಡು ತೀರಿಸಿಕೊಂಡಿತು ಎನ್ನುವರು ಇನ್ನೊಬ್ಬರು. ಕೊನೆಗೆ ಅಜ್ಜಿ ಮೊಮ್ಮಗನಿಗೆ, ‘ತಮ್ಮಾ, ಇದನ್ನ ಚೀಲದಾಗ ಹಾಕ್ಕೊಂಡು ಹೋಗಿ ಹಳ್ಳದಾಚೆ ಬಿಟ್ಟು ಬಾ’ ಎಂದು ತೀರ್ಪು ಕೊಡುತ್ತಾಳೆ.

ಈ ತೀರ್ಪು ನಮ್ಮ ಹಳ್ಳಿಗಳಲ್ಲಿ ಅಪರೂಪವಾದುದಲ್ಲ. ಹೀಗೆ ಪರಸ್ಥಳದಲ್ಲಿ ಬಿಟ್ಟ ಬೆಕ್ಕು ಅಲ್ಲಿಯ ಬೆಕ್ಕುಗಳ ಮತ್ತು ನಾಯಿಗಳ ನಡುವೆ ಬದುಕಿ ಉಳಿದೀತೆಂಬ ಭರವಸೆಯಿಲ್ಲ. ಇತ್ತ ಮನೆಯಲ್ಲಿ ಇಲಿಗಳಿಗೆ ಹಬ್ಬ. ಸ್ವಲ್ಪ ದಿನಗಳ ತರುವಾಯ ಇನ್ನೊಂದು ಮರಿ ಬರುವುದು. ಅದು ಗಂಡಾಗಿದ್ದರೆ ಎಂಟು ತಿಂಗಳಲ್ಲಿ ಅದೇ ಚೀಲ, ಅದೇ ಗೆರೆ, ಅದೇ ವಿಚಾರಣೆ. ಆದುದರಿಂದ ಶಿಕ್ಷೆ ವಿಧಿಸುವ ಮುನ್ನ ಬೆಕ್ಕು ಮಾಡಿದುದಾದರೂ ಏನು ಎಂಬುದನ್ನು ತಿಳಿದುಕೊಳ್ಳುವುದು ಮೇಲು.

ಮೊದಲು ನಾವು ಎರಡು ಕ್ರಿಯೆಗಳನ್ನು ಬೇರೆ ಬೇರೆಯಾಗಿ ಕಾಣಬೇಕು. ಮೂತ್ರಕೋಶವನ್ನು ಬರಿದು ಮಾಡಲು ಹೊರಟ ಬೆಕ್ಕು ಸಡಿಲವಾದ ಮಣ್ಣನ್ನೋ ಬೂದಿಯನ್ನೋ ಹುಡುಕುತ್ತದೆ. ಮುಂಗಾಲಿನಿಂದ ಗುಳಿ ತೋಡಿ, ಕುಳಿತು, ಮೂತ್ರವನ್ನು ನೆಲದ ಮೇಲೆ ಬಿಟ್ಟು, ಬಳಿಕ ಸಾಮಾನ್ಯವಾಗಿ ಮಣ್ಣೆಳೆದು ಮುಚ್ಚುತ್ತದೆ. ಇದನ್ನು ಎಲ್ಲರೂ ಕಂಡಿದ್ದಾರೆ. ಚಿಮ್ಮಿಸುವ ಕ್ರಿಯೆಯೇ ಬೇರೆ. ಬೆಕ್ಕು ನಿಂತೇ ಇರುತ್ತದೆ. ಗೋಡೆಯನ್ನೋ ಕಂಬವನ್ನೋ ಮೂಸಿ ನೋಡಿ, ಅದಕ್ಕೆ ಬೆನ್ನು ತಿರುಗಿಸಿ, ಬಾಲವನ್ನು ನೆಟ್ಟಗೆ ಎತ್ತುತ್ತದೆ. ಬಾಲದ ತುದಿ ನಡುಗುತ್ತಿರುತ್ತದೆ; ಹಿಂಗಾಲುಗಳು ಒಂದಾದ ಮೇಲೊಂದು ನೆಲವನ್ನು ತುಳಿಯುತ್ತಿರುತ್ತವೆ. ಸ್ವಲ್ಪವೇ ಮೂತ್ರ ಹಿಂದಕ್ಕೆ ಹಾರಿ ನಿಂತ ವಸ್ತುವಿನ ಮೇಲೆ ಬೀಳುವುದು. ಕೆಲಸ ಮುಗಿಸಿದ ಬೆಕ್ಕು ಅದನ್ನು ಮುಚ್ಚಲು ಯತ್ನಿಸುವುದೂ ಇಲ್ಲ. ಮುಚ್ಚಿದರೆ ಉದ್ದೇಶವೇ ಕೆಟ್ಟುಹೋಗುವುದಷ್ಟೆ! ಹೆಣ್ಣುಬೆಕ್ಕುಗಳೂ, ಮುಖ್ಯವಾಗಿ ಬೆದೆಗೆ ಬಂದಾಗ, ಹೀಗೆ ಮಾಡುವುದುಂಟು. ಆದರೆ ಬೀಜವಿರುವ ಗಂಡುಗಳಲ್ಲಿ ಇದು ಬಹಳ ಹೆಚ್ಚು.

ಈ ಭೇದವನ್ನು ತಿಳಿದಿರುವುದು ಬರಿಯ ಪಾಂಡಿತ್ಯಕ್ಕಾಗಿ ಅಲ್ಲ; ಬೆಕ್ಕಿನ ಪ್ರಾಣವೇ ಇದರ ಮೇಲೆ ನಿಂತಿರುವ ಸಂದರ್ಭವೊಂದಿದೆ. ಗಂಡುಬೆಕ್ಕಿನ ಮೂತ್ರನಾಳ ತುದಿಯ ಕಡೆಗೆ ಬಹು ಕಿರಿದು. ಮೂತ್ರದಲ್ಲಿ ಹರಳಿನ ಕಣಗಳೂ ಲೋಳೆಯೂ ಸೇರಿ ಒಮ್ಮೊಮ್ಮೆ ಅಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳುತ್ತವೆ. ಆಗ ಬೆಕ್ಕು ಮನೆಯ ಮೂಲೆಮೂಲೆಯಲ್ಲಿ ಕುಳಿತು ತಿಣುಕುತ್ತದೆ, ಕೂಗುತ್ತದೆ, ಮತ್ತೆ ಮತ್ತೆ ಮೂತ್ರದ್ವಾರವನ್ನು ನೆಕ್ಕುತ್ತದೆ. ಬರುವುದು ಒಂದೆರಡು ಹನಿ, ಇಲ್ಲವೆ ರಕ್ತ ಬೆರೆತ ನೀರು, ಇಲ್ಲವೆ ಏನೂ ಇಲ್ಲ. ನೋಡಿದವರು ಇದು ಮನೆಯನ್ನು ಹೊಲಸು ಮಾಡುತ್ತಿದೆ ಎಂದು ಗದರಿಸಿ ಹೊರಗಟ್ಟುತ್ತಾರೆ. ಹೊರಹೋಗಬೇಕಾದ ವಿಷಪದಾರ್ಥಗಳು ರಕ್ತದಲ್ಲೇ ಉಳಿದು, ಅದರಲ್ಲಿಯ ಪೊಟ್ಯಾಸಿಯಂ ಏರಿ, ಹೃದಯದ ಬಡಿತ ತಪ್ಪಿ, ಎರಡು ಮೂರು ದಿನಗಳಲ್ಲಿ ಆ ಬೆಕ್ಕು ಸಾಯಬಹುದು. ಕುಳಿತು ತಿಣುಕುವ ಗಂಡುಬೆಕ್ಕನ್ನು ಕಂಡರೆ ನಾಳೆ ನೋಡೋಣವೆಂದು ಕಾಯಬಾರದು. ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಿಂತು ಚಿಮ್ಮಿಸುವ ಬೆಕ್ಕಿಗೆ ಈ ಅವಸರವಿಲ್ಲ. ಆದರೆ ಅಂಥವುಗಳಲ್ಲಿಯೂ ಕೆಲವಕ್ಕೆ ಮೂತ್ರಕೋಶದ ಉರಿಯೂತ ಇರುವುದುಂಟಾದ್ದರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಓಲೆ ಯಾರಿಗೆ?

ನಮ್ಮ ಕಥಾನಾಯಕನಿಗೆ ರೋಗವಿಲ್ಲವೆಂದು ಇಟ್ಟುಕೊಳ್ಳೋಣ. ಹಾಗಾದರೆ ಅವನು ಜೋಳದ ಚೀಲವನ್ನೇ ಏಕೆ ಆರಿಸಿದನು? ಉತ್ತರಕ್ಕಾಗಿ ಮನೆಯೊಳಗೆ ಹುಡುಕುವುದಕ್ಕಿಂತ ಮಾಳಿಗೆಯನ್ನು ಹತ್ತಿ ನೋಡುವುದು ಲೇಸು. ನಮ್ಮ ಬಯಲುಸೀಮೆಯ ಹಳೆಯ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿ ಕಟ್ಟಿದವು. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಬೆಕ್ಕು ನೆಲಕ್ಕಿಳಿಯದೆ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬಲ್ಲದು. ನಮಗೆ ಕೆಳಗೆ ಒಂದು ಬೀದಿ. ಬೆಕ್ಕುಗಳಿಗೆ ಮೇಲೆ ಇನ್ನೊಂದು ಬೀದಿ. ಬೆಳಕಿಂಡಿಯೇ ಆ ಬೀದಿಗೆ ತೆರೆದ ತಲೆಬಾಗಿಲು. ರಾತ್ರಿ ಪರಸ್ಥಳದ ಗಂಡುಬೆಕ್ಕೊಂದು ಆ ದಾರಿಯಲ್ಲಿ ಬಂದು ಕಿಂಡಿಯಿಂದ ಇಣುಕಿ ಹೋಗಿದ್ದರೆ ಮನೆಯವರಿಗೆ ಅದು ತಿಳಿಯದು. ಕೌದಿಯ ಮೇಲಿನ ಬೆಕ್ಕಿಗೆ ತಿಳಿಯುವುದು.

ಸಾಕುಬೆಕ್ಕಿನ ಪೂರ್ವಜ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಣ ನಾಡುಗಳ ಕಾಡುಬೆಕ್ಕು. ಅದು ಹಿಂಡಿನಲ್ಲಿ ಬೇಟೆಯಾಡುವ ಪ್ರಾಣಿಯಲ್ಲ. ಒಂಟಿಯಾಗಿಯೇ ಇಲಿಯನ್ನು ಹಿಡಿದು ಒಂಟಿಯಾಗಿಯೇ ತಿನ್ನುವುದು. ಒಂದೇ ಬಯಲಿನಲ್ಲಿ ಎರಡು ಬೆಕ್ಕುಗಳು ಎದುರುಬದುರಾಗಿ ಕಾದಾಡಿ ಗಾಯಗೊಂಡರೆ, ಗೆದ್ದುದೂ ನಾಲ್ಕು ದಿನ ಉಪವಾಸ ಬೀಳಬೇಕಾದೀತು. ಆದಕಾರಣ ಭೇಟಿಯಾಗದೆಯೇ ಮಾತನಾಡುವ ಉಪಾಯವೊಂದು ಅದಕ್ಕೆ ಬೇಕಾಯಿತು. ಹೋಗುವ ಹಾದಿಯಲ್ಲಿ, ಬೆಕ್ಕಿನ ಮೂಗಿನ ಎತ್ತರದಲ್ಲಿ, ವಾಸನೆಯ ಗುರುತನ್ನು ಬಿಟ್ಟರೆ ಹಿಂದಿನಿಂದ ಬರುವ ಬೆಕ್ಕು ಅದನ್ನು ಓದಿಕೊಳ್ಳುವುದು: ಇಲ್ಲಿ ಹೋದವನು ಯಾರು, ಗಂಡೋ ಹೆಣ್ಣೋ, ಹೋಗಿ ಎಷ್ಟು ಹೊತ್ತಾಯಿತು.

ಜರ್ಮನಿಯ ಪ್ರಾಣಿವರ್ತನಶಾಸ್ತ್ರಜ್ಞ ಪೌಲ್ ಲೈಹೌಸೆನ್ ತನ್ನ ಸಂಗಡಿಗ ವೋಲ್ಫ್‌ನೊಡನೆ ಬೆಕ್ಕಿನ ನೆಲೆಯನ್ನು ಕುರಿತು ೧೯೫೯ರಲ್ಲಿ ಬರೆದನು. ಬೆಕ್ಕುಗಳು ಒಂದೇ ದಾರಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಹಂಚಿಕೊಂಡು ಬಳಸುವುವೆಂದು ಆತ ಕಂಡನು. ಅವುಗಳ ಗುರುತುಗಳನ್ನು ರೈಲುದಾರಿಯ ಸಂಕೇತಗಳಿಗೆ ಹೋಲಿಸಿದನು. ಕುಂದಗೋಳ, ಸಂಶಿ ನಿಲ್ದಾಣಗಳ ಹೊರಗೆ ಹಿಂದೆ ಕೈಮರ ಬಿದ್ದರೆ ಗಾಡಿ ಬರುತ್ತಿತ್ತು, ಬೀಳದೆ ಇದ್ದರೆ ನಿಲ್ಲುತ್ತಿತ್ತು. ಹಾಗೆಯೇ ಹಸಿಯಾದ ಗುರುತು ದಾರಿಯಲ್ಲಿ ಬೇರೊಬ್ಬನಿದ್ದಾನೆ ಎನ್ನುವುದು. ಹಳೆಯ ಗುರುತು ದಾರಿ ತೆರವಾಗಿದೆ ಎನ್ನುವುದು. ಬೆಕ್ಕು ಪರರ ಗುರುತನ್ನು ಮೂಸಿ ಹೆದರಿ ಓಡುವುದಿಲ್ಲವೆಂಬುದನ್ನು ಗಮನಿಸಬೇಕು. ನಿಧಾನವಾಗಿ ಮೂಸುತ್ತದೆ, ಅಪರಿಚಿತನದಾದರೆ ಹೆಚ್ಚು ಹೊತ್ತು ಮೂಸುತ್ತದೆ. ಬಳಿಕ ತನ್ನದೊಂದನ್ನು ಸೇರಿಸಿಯೋ ಸೇರಿಸದೆಯೋ ಮುಂದೆ ಹೋಗುತ್ತದೆ. ಬೇಲಿಗಿಂತ ಇದು ಓಲೆಗೆ ಹೆಚ್ಚು ಹತ್ತಿರ.

ಓದುವ ಭಂಗಿಯೂ ಸ್ವಾರಸ್ಯವಾದುದು. ಹೋರಿಯು ಆಕಳ ಮೂತ್ರವನ್ನು ಮೂಸಿ, ಕತ್ತನ್ನು ಚಾಚಿ, ಮೇಲ್ದುಟಿಯನ್ನು ಮಡಿಸಿ ನಿಲ್ಲುವುದನ್ನು ನಮ್ಮ ಒಕ್ಕಲು ಮಕ್ಕಳೆಲ್ಲ ಕಂಡಿರುವರು. ಬೆಕ್ಕೂ ಬಾಯಿಯನ್ನು ಅರೆ ತೆರೆದು, ಏನನ್ನೋ ನೆನಪಿಸಿಕೊಳ್ಳುವವರಂತೆ ಕ್ಷಣಕಾಲ ಹಾಗೆಯೇ ನಿಲ್ಲುವುದುಂಟು. ಅಂಗಳದ ಮೇಲ್ಭಾಗದಲ್ಲಿ, ಮುಂಬಲ್ಲುಗಳ ಹಿಂದೆ, ಎರಡು ಸಣ್ಣ ರಂಧ್ರಗಳಿವೆ. ಅವು ಜೇಕಬ್ಸನ್ನನ ಅವಯವವೆಂಬ ಎರಡನೆಯ ಘ್ರಾಣೇಂದ್ರಿಯಕ್ಕೆ ದಾರಿ. ತನ್ನ ಜಾತಿಯವರ ರಾಸಾಯನಿಕ ಸುದ್ದಿಯನ್ನು ಗ್ರಹಿಸುವುದೇ ಆ ಅವಯವದ ಮುಖ್ಯ ಕೆಲಸ.

ಹೀಗಿರಲು, ನಮ್ಮ ಮನೆಯ ಬೆಕ್ಕು ಚೀಲದ ಮೇಲೆ ಬರೆದುದು ಅಜ್ಜಿಗೆ ಉದ್ದೇಶಿಸಿದ ಓಲೆಯಲ್ಲ. ಹಾಲು ಹಾಕದೆ ಇದ್ದುದಕ್ಕೂ ಅದಕ್ಕೂ ಸಂಬಂಧವಿಲ್ಲ. ಚೀಲಗಳು ಇತ್ತೀಚೆಗೆ ಹುಬ್ಬಳ್ಳಿಯ ಪೇಟೆಯಿಂದಲೋ ಬೇರೊಬ್ಬರ ಮನೆಯಿಂದಲೋ ಬಂದಿದ್ದರೆ, ಅವುಗಳ ಮೇಲೆ ಆಗಲೇ ಬೇರೆ ಬೆಕ್ಕುಗಳ ಬರಹ ಇದ್ದಿರಲೂಬಹುದು. ಬೆಕ್ಕು ಉತ್ತರ ಬರೆಯಿತು, ಅಷ್ಟೆ. ಚೌಕಟ್ಟು ಹೋಗಿಬರುವ ದಾರಿ. ಹೊರಸು ಎಲ್ಲರ ವಾಸನೆಯೂ ಸೇರುವ ಸ್ಥಳ. ಗುರುತುಗಳು ಎಲ್ಲಿ ಬಿದ್ದಿವೆ ಎಂಬುದನ್ನು ನೋಡಿದರೆ ಬೆಕ್ಕಿನ ಕಳವಳ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಕಿಟಕಿ, ಬಾಗಿಲು, ಬೆಳಕಿಂಡಿಗಳ ಬಳಿ ಇದ್ದರೆ ಹೊರಗಿನ ಬೆಕ್ಕು; ಮನೆಯ ನಡುವೆ, ಮಲಗುವ ಮತ್ತು ಉಣ್ಣುವ ಎಡೆಗಳ ಬಳಿ ಇದ್ದರೆ ಮನೆಯೊಳಗಿನದೇ ಇನ್ನೊಂದು ಬೆಕ್ಕು, ಇಲ್ಲವೆ ಹೊಸದಾಗಿ ಬಂದ ವಸ್ತು ಅಥವಾ ಮನುಷ್ಯ.

ಶಾಯಿಯ ವಿಚಾರ

ಇನ್ನು ಈ ಓಲೆಯ ಶಾಯಿ. ಇದರ ರಸಾಯನಶಾಸ್ತ್ರ ನಮ್ಮ ವಿದ್ಯಾರ್ಥಿಗಳಿಗೆ ರುಚಿಸುವಂತಹದು. ೧೯೫೧ರಲ್ಲಿ ಇಂಗ್ಲೆಂಡಿನಲ್ಲಿ ದತ್ತ ಮತ್ತು ಹ್ಯಾರಿಸ್ ಎಂಬ ಇಬ್ಬರು ಸಂಶೋಧಕರು, ದ್ರವವನ್ನು ಕಾಗದದ ಮೇಲೆ ಹರಿಯಗೊಟ್ಟು ಅದರ ಘಟಕಗಳನ್ನು ಬೇರ್ಪಡಿಸುವ ವಿಧಾನದಿಂದ ಬೆಕ್ಕಿನ ಮೂತ್ರವನ್ನು ಪರೀಕ್ಷಿಸುತ್ತಿದ್ದಾಗ ಅದುವರೆಗೆ ಯಾರೂ ಕಾಣದ ಅಮೈನೋ ಆಮ್ಲವೊಂದರ ಕಲೆಯನ್ನು ಕಂಡರು. ೧೯೫೩ರಲ್ಲಿ ವೆಸ್ಟಾಲ್ ಎಂಬಾತನು ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. ಬೆಕ್ಕಿನ ಲ್ಯಾಟಿನ್ ಹೆಸರಾದ ‘ಫೆಲಿಸ್’ ಎಂಬುದರಿಂದ ಅದಕ್ಕೆ ಫೆಲಿನೀನ್ ಎಂಬ ಹೆಸರು ಬಂದಿತು. ಅದರ ಅಣುವಿನಲ್ಲಿ ಗಂಧಕವಿದೆ. ಬೀಜವಿರುವ ಗಂಡಿನ ಮೂತ್ರದಲ್ಲಿ ಅದು ಹೆಣ್ಣಿನ ಮೂತ್ರದಲ್ಲಿರುವುದಕ್ಕಿಂತ ಹಲವು ಪಾಲು ಹೆಚ್ಚು.

ವಿಚಿತ್ರವೆಂದರೆ ಫೆಲಿನೀನಿಗೆ ತನ್ನದೇ ಆದ ವಾಸನೆಯಿಲ್ಲ. ಅದು ಹೊರಬಿದ್ದ ಮೇಲೆ ಗಾಳಿಯಲ್ಲಿ ನಿಧಾನವಾಗಿ ಒಡೆಯುತ್ತ ಹೋಗುವುದು. ಒಡೆದಾಗ ಗಂಧಕವುಳ್ಳ, ಹಗುರವಾಗಿ ಹಾರಿಹೋಗುವ ಪದಾರ್ಥಗಳು ಹುಟ್ಟುವುವು. ಮೂಗನ್ನು ಇರಿಯುವವು ಅವು. ನವಲಗುಂದ, ಅಣ್ಣಿಗೇರಿಗಳ ಕಡೆ ಉಳ್ಳಾಗಡ್ಡಿ ಕೊಯ್ಯುವಾಗ ಕಣ್ಣಿನಲ್ಲಿ ನೀರು ತರಿಸುವುದೂ ಗಂಧಕದ ಸಂಯುಕ್ತವೇ. ಕೊಯ್ಯುವತನಕ ಗಡ್ಡೆಯಲ್ಲಿ ಆ ಘಾಟು ಇರುವುದಿಲ್ಲ, ಕೊಯ್ದ ಮೇಲೆ ಹುಟ್ಟುತ್ತದೆ. ಬೆಕ್ಕಿನ ಶಾಯಿಯೂ ಹಾಗೆಯೇ, ಬರೆದ ಮೇಲೆ ಗಾಢವಾಗುವ ಶಾಯಿ. ಚಿಮ್ಮಿಸಿದ ದಿನಕ್ಕಿಂತ ಮರುದಿನ ನಾತ ಹೆಚ್ಚೆನಿಸುವುದೇಕೆ, ತೊಳೆದೆವೆಂದುಕೊಂಡ ಗೋಡೆ ವಾರದ ಮೇಲೂ ನಾರುವುದೇಕೆ ಎಂಬುದಕ್ಕೆ ಇದೇ ಕಾರಣ.

ಫೆಲಿನೀನ್ ಹುಟ್ಟುವ ಬಗೆಯನ್ನು ೨೦೦೬ರಲ್ಲಿ ಜಪಾನಿನ ಮಿಯಾಝಾಕಿ ಮಸಾಓ ಮತ್ತು ಸಂಗಡಿಗರು ಬಿಡಿಸಿ ತೋರಿಸಿದರು. ಆರೋಗ್ಯವಂತನಾದ ಮನುಷ್ಯನ ಮೂತ್ರದಲ್ಲಿ ಪ್ರೋಟೀನು ಹೆಚ್ಚಾಗಿ ಕಂಡರೆ ವೈದ್ಯರು ಮೂತ್ರಪಿಂಡಕ್ಕೆ ಕೇಡಾಯಿತೆಂದು ಶಂಕಿಸುತ್ತಾರೆ. ಬೆಕ್ಕಿನ ಮೂತ್ರಪಿಂಡವಾದರೋ ಕಾಕ್ಸಿನ್ ಎಂಬ ಪ್ರೋಟೀನನ್ನು ಬೇಕೆಂದೇ ಮೂತ್ರಕ್ಕೆ ಸುರಿಯುತ್ತದೆ! ಇದೊಂದು ಕಿಣ್ವ. ರಕ್ತದಿಂದ ಸೋಸಿಬಂದ ಪದಾರ್ಥವೊಂದನ್ನು ಇದು ಕತ್ತರಿಸಿ ಫೆಲಿನೀನನ್ನು ಬಿಡಿಸುತ್ತದೆ. ಎಳೆಯ ಮರಿಗಳಲ್ಲಿ ಕಾಕ್ಸಿನ್ ಕಾಣುವುದಿಲ್ಲ. ಮೂರು ತಿಂಗಳು ದಾಟಿದ ಮೇಲೆ ಅದು ತಲೆದೋರಿ ವಯಸ್ಸಿನೊಡನೆ ಏರುವುದು. ಬೀಜವಿರುವ ಗಂಡುಗಳಲ್ಲಿ ಅದು ಅತ್ಯಧಿಕ. ಕೌದಿಯ ಮೇಲಿನ ಮರಿ ಎಂಟನೆಯ ತಿಂಗಳಿಗೆ ಇದ್ದಕ್ಕಿದ್ದಂತೆ ‘ಕೊಳಕಾಗುವುದರ’ ಗುಟ್ಟು ಇಲ್ಲಿದೆ: ಬೀಜಗಳಲ್ಲಿ ಹುಟ್ಟುವ ಟೆಸ್ಟೋಸ್ಟಿರೋನ್ ಎಂಬ ಚೋದಕರಸವು ಏರುತ್ತಲೆ ಬರೆಯುವ ಹಂಬಲವೂ ಶಾಯಿಯ ಘಾಟೂ ಜೊತೆಜೊತೆಯಾಗಿ ಏರುತ್ತವೆ. ಗಂಧಕವುಳ್ಳ ಅಮೈನೋ ಆಮ್ಲಗಳು ಮುಖ್ಯವಾಗಿ ಮಾಂಸದಿಂದ ದೊರೆಯತಕ್ಕವು. ಆದುದರಿಂದ ಘಾಟಾದ ಗುರುತು ‘ಇವನು ಚೆನ್ನಾಗಿ ಬೇಟೆಯಾಡಬಲ್ಲವನು’ ಎಂಬ ಜಾಹೀರಾತೂ ಆಗಿರಬಹುದೆಂದು ಕೆಲವರು ಊಹಿಸಿರುವರು.

ಚಿಮ್ಮಿಸುವಾಗ ಬೆಕ್ಕು ಬೇರೆ ಯಾವುದಾದರೂ ಗ್ರಂಥಿಯ ರಸವನ್ನು ಮೂತ್ರಕ್ಕೆ ಬೆರೆಸುವುದೇನೋ ಎಂಬ ಅನುಮಾನ ಬಹುಕಾಲ ಇದ್ದಿತು. ಜಪಾನಿನ ಇವಾತೆ ವಿಶ್ವವಿದ್ಯಾನಿಲಯದ ಅದೇ ತಂಡ ೨೦೨೪ರಲ್ಲಿ ಪ್ರಕಟಿಸಿದ ಪರೀಕ್ಷೆಗಳಂತೆ, ಚಿಮ್ಮಿಸಿದ ಮೂತ್ರದ ವಾಸನೆಗೂ ಮೂತ್ರಕೋಶದಲ್ಲಿರುವ ಮೂತ್ರದ ವಾಸನೆಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಪ್ರೋಟೀನು ಹೇರಳವಾಗಿರುವ ಕಾರಣ ಆ ದ್ರವವು ನೀರಿನಂತೆ ಹನಿಹನಿಯಾಗಿ ಉರುಳಿಹೋಗದೆ ಗೋಡೆಯ ಮೇಲೆ ತೆಳ್ಳಗೆ ಹರಡಿ ಅಂಟಿಕೊಳ್ಳುವುದೆಂದೂ ಅವರು ತೋರಿಸಿದರು.

ಬೆಕ್ಕಿನ ಈ ವಿದ್ಯೆ ಅದರ ಕುಲಕ್ಕೆಲ್ಲ ಸೇರಿದ್ದು. ಕಲಘಟಗಿಯಿಂದ ಪಶ್ಚಿಮಕ್ಕೆ ಹೋಗಿ ದಾಂಡೇಲಿ, ಜೋಯಿಡಾಗಳ ಕಾಡನ್ನು ಹೊಕ್ಕರೆ, ಅಲ್ಲಿಯ ಹುಲಿಯೂ ಮರದ ಬೊಡ್ಡೆಗೆ ಬೆನ್ನು ತಿರುಗಿಸಿ, ಬಾಲವೆತ್ತಿ ಇದನ್ನೇ ಮಾಡುತ್ತದೆ. ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ರತನ್‌ಲಾಲ್ ಬ್ರಹ್ಮಚಾರಿಯವರು ಹುಲಿಯ ಗುರುತುದ್ರವವನ್ನು ವರ್ಷಗಟ್ಟಲೆ ಅಭ್ಯಾಸಮಾಡಿದರು. ಒರಿಸ್ಸದ ಸಿಮ್ಲಿಪಾಲದಲ್ಲಿ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರು ಮಗಳಂತೆ ಸಾಕಿದ್ದ ಖೈರಿ ಎಂಬ ಹೆಣ್ಣುಹುಲಿಯೂ ಅವರ ಅಭ್ಯಾಸಕ್ಕೆ ಒದಗಿತ್ತು. ಆ ದ್ರವದಲ್ಲಿ ಸುವಾಸನೆಯ ಅಕ್ಕಿಯ ಪರಿಮಳವಿರುವುದು ಮೂಗಿಗೆ ಮೊದಲೇ ತಿಳಿದಿತ್ತು. ೧೯೯೦ರಲ್ಲಿ ಅವರು ಅದರ ಕಾರಣವನ್ನೂ ಪ್ರಕಟಿಸಿದರು: ಬಾಸುಮತಿ ಅಕ್ಕಿಗೆ ಪರಿಮಳವನ್ನು ಕೊಡುವ ೨-ಅಸಿಟೈಲ್-೧-ಪೈರೊಲಿನ್ ಎಂಬ ಪದಾರ್ಥವೇ ಹುಲಿಯ ಗುರುತಿನಲ್ಲಿಯೂ ಇದೆ. ನಮ್ಮ ಭಾಗದ ಅಂಬೆಮೋಹರ ಅಕ್ಕಿಯ ಅನ್ನ ಬೇಯುವಾಗ ಬರುವ ಕಂಪೂ ಇದರದೇ. ಮನೆಯ ಬೆಕ್ಕಿಗೂ ಇಂಥ ಶಾಯಿ ಇದ್ದಿದ್ದರೆ ಅಜ್ಜಿಯ ತೀರ್ಪು ಬೇರೆಯಾಗುತ್ತಿತ್ತೋ ಏನೋ!

ಪರಿಹಾರ

ಎಲ್ಲಕ್ಕಿಂತ ಬಲವಾದ ಉಪಾಯ ಶಸ್ತ್ರಕ್ರಿಯೆ. ಹೋರಿಗೂ ಎತ್ತಿಗೂ ಇರುವ ಸ್ವಭಾವಭೇದವನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾದುದಿಲ್ಲ. ಬೀಜ ಒಡೆಸಿದ ಹೋರಿ ನೊಗಕ್ಕೆ ಬಗ್ಗುತ್ತದೆ. ಬೆಕ್ಕಿನ ವಿಷಯದಲ್ಲಿ ಪಶುವೈದ್ಯರು ಅರಿವಳಿಕೆ ಕೊಟ್ಟು ಬೀಜಗಳನ್ನೇ ತೆಗೆದುಹಾಕುವರು. ಗಂಡುಬೆಕ್ಕಿಗೆ ಇದು ಸಣ್ಣ ಶಸ್ತ್ರಕ್ರಿಯೆ. ಹೆಣ್ಣಿಗೆ ಹೊಟ್ಟೆಯನ್ನು ತೆರೆಯಬೇಕಾಗುವುದರಿಂದ ಸ್ವಲ್ಪ ದೊಡ್ಡದು. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯಲ್ಲಿ ಬೆಂಜಮಿನ್ ಹಾರ್ಟ್ ೧೯೭೩ರಲ್ಲಿ ಪ್ರಕಟಿಸಿದ ಅಭ್ಯಾಸದಂತೆ, ಬೆಳೆದ ಗಂಡುಬೆಕ್ಕುಗಳಿಗೆ ಈ ಶಸ್ತ್ರಕ್ರಿಯೆ ಮಾಡಿದಾಗ ಹತ್ತರಲ್ಲಿ ಎಂಟು-ಒಂಬತ್ತು ಬೆಕ್ಕುಗಳು ಚಿಮ್ಮಿಸುವುದನ್ನು ನಿಲ್ಲಿಸಿದವು ಅಥವಾ ಬಹಳ ಕಡಿಮೆ ಮಾಡಿದವು. ಹೆಚ್ಚಿನವುಗಳಲ್ಲಿ ಬದಲಾವಣೆ ಬೇಗನೆ ಕಂಡಿತು. ಕೆಲವಕ್ಕೆ ತಿಂಗಳುಗಳು ಬೇಕಾದವು. ಎಳೆಯ ವಯಸ್ಸಿನಲ್ಲಿಯೇ ಶಸ್ತ್ರಕ್ರಿಯೆಯಾದ ಬೆಕ್ಕುಗಳನ್ನು ಕುರಿತು ೧೯೮೪ರಲ್ಲಿ ಹಾರ್ಟ್ ಮತ್ತು ಕೂಪರ್ ಕೊಟ್ಟ ಲೆಕ್ಕದಂತೆ, ದೊಡ್ಡವಾದ ಮೇಲೆ ನೂರು ಗಂಡುಗಳಲ್ಲಿ ಸುಮಾರು ೧೦, ನೂರು ಹೆಣ್ಣುಗಳಲ್ಲಿ ಸುಮಾರು ೫ ಮಾತ್ರ ಚಿಮ್ಮಿಸುತ್ತಿದ್ದವು. ಐದಾರು ತಿಂಗಳಿಗೆ, ಅಂದರೆ ಮೊದಲ ಗೆರೆ ಬೀಳುವ ಮುನ್ನವೇ, ಮಾಡಿಸುವುದು ಒಳ್ಳೆಯದು.

ಇಲ್ಲಿ ಮನೆಯವರಿಗೆ ಒಂದು ಸಂದೇಹ ಬರುವುದು ಸಹಜ: ಬೀಜ ತೆಗೆದ ಬೆಕ್ಕು ಇಲಿ ಹಿಡಿಯುವುದೇ? ಹಿಡಿಯುವುದು. ಬೇಟೆಯ ಪ್ರವೃತ್ತಿ ಟೆಸ್ಟೋಸ್ಟಿರೋನಿನ ಹಂಗಿನಲ್ಲಿಲ್ಲ. ಹೆಣ್ಣುಬೆಕ್ಕುಗಳು ಒಳ್ಳೆಯ ಬೇಟೆಗಾರ್ತಿಯರಾಗಿರುವುದೇ ಇದಕ್ಕೆ ಸಾಕ್ಷಿ. ಅಲೆದಾಟ ಮತ್ತು ಕಾದಾಟ ಕಡಿಮೆಯಾಗುವುದರಿಂದ ಬೆಕ್ಕು ಮನೆಯಲ್ಲಿ ಹೆಚ್ಚು ಹೊತ್ತು ಇರುವುದು. ಅದು ಜೋಳದ ಚೀಲಗಳಿಗೆ ಲಾಭವೇ. ತಾಲ್ಲೂಕಿನ ಪಶು ಆಸ್ಪತ್ರೆಗೆ ಹೊರಡುವ ಮೊದಲು ಬೆಕ್ಕಿನ ಶಸ್ತ್ರಕ್ರಿಯೆ ಅಲ್ಲಿ ಆಗುವುದೇ ಎಂದು ವಿಚಾರಿಸಿಕೊಳ್ಳಬೇಕು; ಇಲ್ಲದಿದ್ದರೆ ಹುಬ್ಬಳ್ಳಿ ದೂರವಲ್ಲ.

ಆದರೆ ಶಸ್ತ್ರಕ್ರಿಯೆಯೊಂದೇ ಸಾಲದು. ಓಲೆಗೆ ಕಾರಣನಾದವನು ಮಾಳಿಗೆಯ ಮೇಲೆ ಇನ್ನೂ ಅಡ್ಡಾಡುತ್ತಿದ್ದರೆ ನಮ್ಮ ಬೆಕ್ಕಿನ ಕಳವಳ ಹೇಗೆ ತೀರೀತು? ರಾತ್ರಿ ಬೆಳಕಿಂಡಿಗೆ ಜಾಳಿಗೆಯನ್ನೋ ಹಲಗೆಯನ್ನೋ ಮುಚ್ಚುವುದು ಬಹು ಸುಲಭವಾದ, ಆದರೆ ಯಾರೂ ನೆನೆಯದ ಉಪಾಯ. ಹೊರಗಿನ ಬೆಕ್ಕುಗಳನ್ನು ಕರೆಯುವ ಎಂಜಲನ್ನು ಹಿತ್ತಲಿನಲ್ಲಿ ಸುರಿಯುವುದನ್ನು ಬಿಡಬೇಕು. ಮನೆಯಲ್ಲಿಯೇ ಎರಡು ಮೂರು ಬೆಕ್ಕುಗಳಿದ್ದರೆ ಒಂದೇ ಬಟ್ಟಲಿನ ಮುಂದೆ ಅವುಗಳನ್ನು ಒತ್ತೊತ್ತಾಗಿ ಕೂಡಿಸದೆ ಬೇರೆ ಬೇರೆ ಮೂಲೆಗಳಲ್ಲಿ ಉಣಿಸಬೇಕು. ಒಂದು ಇನ್ನೊಂದರ ಕಣ್ಣಿಗೆ ಬೀಳದೆ ಕುಳಿತುಕೊಳ್ಳಲು ಅಟ್ಟದ ಮೇಲೋ ಗೂಡಿನಲ್ಲೋ ಎತ್ತರದ ಜಾಗಗಳಿರಬೇಕು. ಮಳೆಗಾಲದಲ್ಲಿ ಎರೆಮಣ್ಣು ಅಂಟಾಗಿ ಕಾಲಿಗೆ ಮೆತ್ತುವುದರಿಂದ ಹೊರಗೆ ಗುಳಿ ತೋಡುವುದು ಬೆಕ್ಕಿಗೆ ಕಷ್ಟ. ಕೊಟ್ಟಿಗೆಯ ಒಣ ಮೂಲೆಯಲ್ಲಿ ಮರಳನ್ನೋ ಜರಡಿ ಹಿಡಿದ ಬೂದಿಯನ್ನೋ ತುಂಬಿದ ಬುಟ್ಟಿಗಳನ್ನಿಟ್ಟು ದಿನವೂ ಶುಚಿಮಾಡಿದರೆ, ಕುಳಿತು ಮಾಡುವ ಮೂತ್ರವಾದರೂ ಚೀಲಗಳ ಬಳಿಗೆ ಬಾರದು. ಬುಟ್ಟಿಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿಗೆ ಇರಲೆಂದು ಪಶುವೈದ್ಯರು ಹೇಳುತ್ತಾರೆ.

ಬರಹವನ್ನು ಅಳಿಸುವುದು ಇನ್ನೊಂದು ಕೆಲಸ. ಹಳೆಯ ಗುರುತಿನ ವಾಸನೆ ಮಾಸುತ್ತ ಬಂದಂತೆಲ್ಲ ಅದನ್ನು ಹೊಸದು ಮಾಡಲು ಬೆಕ್ಕು ಅಲ್ಲಿಗೇ ಬರುತ್ತದೆ; ಆದುದರಿಂದ ಅರೆಬರೆ ತೊಳೆದರೆ ಪ್ರಯೋಜನವಿಲ್ಲ. ಒಣಬಟ್ಟೆಯಿಂದ ಹೀರಿ, ಕಿಣ್ವಗಳನ್ನು ಬೆರೆಸಿದ ಬಟ್ಟೆ ತೊಳೆಯುವ ಪುಡಿಯನ್ನು ಉಗುರುಬಿಸಿ ನೀರಿನಲ್ಲಿ ಕರಗಿಸಿ ಒರೆಸಬೇಕು. ಆ ಕಿಣ್ವಗಳು ಗೋಡೆಗೆ ಅಂಟಿದ ಪ್ರೋಟೀನನ್ನು ಕತ್ತರಿಸುವುವು. ತರುವಾಯ ತಣ್ಣೀರಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಮಣ್ಣಿನ ಗೋಡೆ ದ್ರವವನ್ನು ಒಳಗೆಳೆದುಕೊಳ್ಳುವುದರಿಂದ ಅಲ್ಲಿಯ ಗಿಲಾವನ್ನು ಒಂದು ಬೆರಳು ದಪ್ಪ ಕೆತ್ತಿ ತೆಗೆದು ಹೊಸ ಮಣ್ಣನ್ನು ಮೆತ್ತಿ ಸುಣ್ಣ ಬಳಿಯುವುದೇ ಸರಿ. ಚೀಲವಾದರೆ ಕಾಳನ್ನು ಬೇರೆ ಚೀಲಕ್ಕೆ ತುಂಬಿ, ಹಳೆಯದನ್ನು ತೊಳೆದು ಬಿಸಿಲಿಗೆ ಹಾಕಬೇಕು. ಅಮೋನಿಯ ಬೆರೆತ ದ್ರವಗಳು ಕೂಡದು. ಹಳಸಿದ ಮೂತ್ರದಲ್ಲಿ ಅಮೋನಿಯವೇ ಹುಟ್ಟುವುದರಿಂದ ಬೆಕ್ಕಿನ ಮೂಗಿಗೆ ಅದೂ ಒಂದು ಓಲೆಯಂತೆ ತೋರುವುದು. ಗೋಮೂತ್ರ ಚಿಮುಕಿಸುವುದೂ ಈ ಕಾರಣದಿಂದಲೇ ನಿರುಪಯೋಗ.

ಫಿನೈಲಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಾತ ಬಂದೊಡನೆ ನಾವು ಕೈಹಾಕುವುದು ಅದಕ್ಕೇ. ಫೀನಾಲ್ ಜಾತಿಯ ಪದಾರ್ಥಗಳು ಮೈಗೆ ಸೇರಿದರೆ ನಮ್ಮ ಯಕೃತ್ತು ಅವುಗಳಿಗೆ ಗ್ಲುಕ್ಯುರಾನಿಕ್ ಆಮ್ಲವನ್ನು ಜೋಡಿಸಿ ನಿರಪಾಯಗೊಳಿಸಿ ಹೊರಹಾಕುತ್ತದೆ. ಈ ಜೋಡಣೆಗೆ ಬೇಕಾದ ಕಿಣ್ವಗಳಲ್ಲಿ ಮುಖ್ಯವಾದುದೊಂದರ ಜೀನು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ. ಫಿನೈಲ್ 	ಬಳಿದ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ತನ್ನ ಪಾದಗಳನ್ನು ನೆಕ್ಕಿಕೊಳ್ಳುವುದಲ್ಲವೇ? ಹಾಗೆ ಒಳಹೋದ ವಿಷವನ್ನು ಕಳೆದುಕೊಳ್ಳಲು ಅದಕ್ಕೆ ದಾರಿಯಿಲ್ಲ. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಆದರೂ ಬೆಕ್ಕನ್ನು ಕೊಲ್ಲಬಲ್ಲುದು. ಕಾರಣ ಬಹುಮಟ್ಟಿಗೆ ಇದೇ.

ಉಳಿದ ಮನೆಮದ್ದುಗಳ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಚೀಲಗಳ ಸುತ್ತ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಉದುರಿಸಿದರೆ ಬೆಕ್ಕಿನ ಕಣ್ಣು, ಮೂಗು, ಪಾದಗಳು ಉರಿಯುವುವು. ಉರಿಯಿಂದ ಅಂಜಿಕೆ ಹೆಚ್ಚುವುದೇ ಹೊರತು ಕಡಿಮೆಯಾಗದು. ಪಟ್ಟಣಗಳಲ್ಲಿ ನಾಯಿ ಬಾರದಿರಲೆಂದು ಬಾಗಿಲ ಮುಂದೆ ಬಣ್ಣದ ನೀರಿನ ಸೀಸೆಗಳನ್ನು ಇಡುವರು. ವಾಸನೆಯ ಲೋಕದಲ್ಲಿ ಬದುಕುವ ಪ್ರಾಣಿಗೆ ಸೀಸೆಯ ಬಣ್ಣದಿಂದ ಏನಾದೀತು! ಬೆಕ್ಕಿನ ಮೂತಿಯನ್ನು ಆ ಒದ್ದೆಗೆ ಉಜ್ಜುವುದು, ಹೊಡೆಯುವುದು, ಇವು ನಿಜವಾಗಿಯೂ ಹಾನಿಕರ. ಕಳವಳದಿಂದ ಬರೆದವನಿಗೆ ಮತ್ತಷ್ಟು ಕಳವಳವನ್ನು ಕೊಟ್ಟರೆ ಅವನು ಮತ್ತಷ್ಟು ಬರೆಯುವನು.

ಇದಕ್ಕೆ ಬದಲಾಗಿ ಬೆಕ್ಕಿನದೇ ಇನ್ನೊಂದು ಲಿಪಿಯನ್ನು ನಾವು ಬಳಸಬಹುದು. ಬೆಕ್ಕು ನಮ್ಮ ಕಾಲಿಗೆ ಕೆನ್ನೆಯನ್ನು ತೀಡುವುದು ಬರಿಯ ಮುದ್ದಲ್ಲ. ಕೆನ್ನೆಯ ಗ್ರಂಥಿಗಳ ರಸವನ್ನು ಅದು ನಮಗೆ ಹಚ್ಚುತ್ತಿರುತ್ತದೆ. ತನಗೆ ಪರಿಚಿತವಾದ, ಭಯವಿಲ್ಲದ ವಸ್ತುಗಳಿಗೆ ಅದು ಹೀಗೆ ಮಾಡುವುದು. ಹಾಗೆ ಗುರುತಾದ ಎಡೆಯಲ್ಲಿ ಮೂತ್ರ ಚಿಮ್ಮಿಸುವುದು ವಿರಳ. ಫ್ರಾನ್ಸಿನ ಪಾತ್ರಿಕ್ ಪಾಜಾ ಎಂಬ ಪಶುವೈದ್ಯನು ಈ ರಸದ ಒಂದಂಶವನ್ನು ಕೃತಕವಾಗಿ ತಯಾರಿಸುವ ದಾರಿಯನ್ನು ತೋರಿಸಿದನು. ೧೯೯೦ರ ದಶಕದಿಂದ ಅದು ಮಾರಾಟದಲ್ಲಿದೆ. ಬೆಲೆ ಹೆಚ್ಚು; ಫಲವೂ ಎಲ್ಲ ಬೆಕ್ಕುಗಳಲ್ಲಿ ಸಮನಾಗಿಲ್ಲ. ಹಣ ಬೇಡದ ದಾರಿ ಹೀಗಿದೆ: ಮೆತ್ತನೆಯ ಹತ್ತಿಬಟ್ಟೆಯಿಂದ ಬೆಕ್ಕಿನ ಕೆನ್ನೆಗಳನ್ನು ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ತೊಳೆದು ಒಣಗಿಸಿದ ಚೌಕಟ್ಟಿಗೆ ಬೆಕ್ಕಿನ ಮೂಗಿನ ಎತ್ತರದಲ್ಲಿ ದಿನವೂ ತೀಡುವುದು. ಹೊಸ ಚೀಲಗಳು ಬಂದಾಗಲೂ ಇದನ್ನು ಮಾಡಿ ನೋಡಬಹುದು. ಇಷ್ಟರಿಂದಲೂ ಬಗ್ಗದ ಬೆಕ್ಕುಗಳಿಗೆ ಕಳವಳವನ್ನು ತಗ್ಗಿಸುವ ಫ್ಲೂಆಕ್ಸೆಟಿನ್ ಮೊದಲಾದ ಔಷಧಗಳುಂಟು. ಅವನ್ನು ಪಶುವೈದ್ಯರೇ ತೂಕ ನೋಡಿ ಕೊಡತಕ್ಕದ್ದು.

ಈಗ ಆ ಮನೆಗೆ ಹಿಂದಿರುಗೋಣ. ಚೀಲ ಹಿಡಿದು ಹೊರಟಿದ್ದ ಮೊಮ್ಮಗನು ಹೈಸ್ಕೂಲಿನ ವಿದ್ಯಾರ್ಥಿಯೆಂದು ಭಾವಿಸಿದರೆ, ಅವನಿಗೆ ನಾವು ಹೇಳುವ ಕೆಲಸ ಒಂದು ನೋಟುಬುಕ್ಕಿನದು. ಪುಟವನ್ನು ನಾಲ್ಕು ಕಲಮುಗಳಾಗಿ ಗೆರೆಯೆಳೆಯಬೇಕು: ತಾರೀಖು, ಗುರುತು ಬಿದ್ದ ಸ್ಥಳ, ನೆಲದಿಂದ ಎಷ್ಟು ಎತ್ತರ, ಹಿಂದಿನ ದಿನ ಮನೆಯಲ್ಲಿ ನಡೆದ ವಿಶೇಷ. ಬೆಳಕಿಂಡಿ ತೆರೆದಿತ್ತೇ, ನೆಂಟರು ಬಂದಿದ್ದರೇ, ಹೊಸ ಚೀಲ ಬಂದಿತೇ, ರಾತ್ರಿ ಮಾಳಿಗೆಯ ಮೇಲೆ ಬೆಕ್ಕುಗಳ ಕೂಗು ಕೇಳಿಸಿತೇ ಎಂಬುದೆಲ್ಲವೂ ಕೊನೆಯ ಕಲಮಿಗೆ ಸೇರಬೇಕು. ಮೂರು ನಾಲ್ಕು ವಾರ ಬರೆದ ಮೇಲೆ ಗುರುತು ಬಿದ್ದ ದಿನಗಳನ್ನೂ ಬೀಳದ ದಿನಗಳನ್ನೂ ಎರಡು ಪಾಲು ಮಾಡಿ ಹೋಲಿಸಿದರೆ, ಯಾವ ವಿಶೇಷವು ಒಂದು ಪಾಲಿನಲ್ಲಿ ಮತ್ತೆ ಮತ್ತೆ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ ಎಂಬುದು ಕಾಣಿಸುವುದು. ಮೊದಲು ಬದಲಿಸಬೇಕಾದುದು ಅದನ್ನು. ಶಸ್ತ್ರಕ್ರಿಯೆಯಾದ ಮೇಲೂ ನೋಟುಬುಕ್ಕನ್ನು ನಿಲ್ಲಿಸಬಾರದು. ಅಜ್ಜಿಯು ‘ಇದು ಬಿಡಾಂಗಿಲ್ಲ’ ಎಂದು ಎರಡನೆಯ ವಾರಕ್ಕೇ ಚೀಲವನ್ನು ಕೇಳಿದಾಗ, ಮೊದಲ ವಾರ ಐದು ಗುರುತುಗಳಿದ್ದವು, ಈ ವಾರ ಎರಡೇ ಎಂದು ತೋರಿಸಲು ಅದು ಬೇಕಾಗುವುದು.